ಲೀಟರಿನೊಳಗಿನ ಶಕ್ತಿ: ಎಥನಾಲ್ ಬೆರೆತ ಪೆಟ್ರೋಲ್ ಮತ್ತು ಮಲೆನಾಡಿನ ಲೆಕ್ಕ

(ಮಲೆನಾಡಿನ ಕೃಷಿಕರು ಮತ್ತು ವಿದ್ಯಾರ್ಥಿಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಮಲೆನಾಡಿನಲ್ಲಿ ವಾಹನವೆಂಬುದು ಶೋಕಿಯ ವಸ್ತುವಲ್ಲ. ಇಲ್ಲಿ ಮನೆಗಳು ಒತ್ತಾಗಿಲ್ಲ. ಒಂದು ಮನೆಯಿಂದ ಇನ್ನೊಂದಕ್ಕೆ ಗುಡ್ಡ, ಹಳ್ಳ, ತೋಟಗಳನ್ನು ದಾಟಬೇಕು. ಸೊಸೈಟಿ ಒಂದು ದಿಕ್ಕಿಗೆ, ಆಸ್ಪತ್ರೆ ಇನ್ನೊಂದು ದಿಕ್ಕಿಗೆ, ಕಾಲೇಜು ತಾಲ್ಲೂಕು ಕೇಂದ್ರದಲ್ಲಿ. ಬಸ್ಸು ದಿನಕ್ಕೆ ಒಂದೆರಡು ಬಾರಿ ಬಂದರೆ ಪುಣ್ಯ. ಹೀಗಾಗಿ ಒಂದು ಲೀಟರ್ ಪೆಟ್ರೋಲಿಗೆ ಬೈಕು ಎಷ್ಟು ದೂರ ಓಡುತ್ತದೆ ಎಂಬುದು ಇಲ್ಲಿನ ಪ್ರತಿ ಮನೆಯ ತಿಂಗಳ ಖರ್ಚನ್ನು ನಿರ್ಧರಿಸುವ ಸಂಗತಿ. ಅದರ ಜೊತೆಗೆ ಕಳೆ ಕತ್ತರಿಸುವ ಯಂತ್ರ, ಮರ ಕೊಯ್ಯುವ ಯಂತ್ರ, ಔಷಧಿ ಸಿಂಪಡಿಸುವ ಯಂತ್ರಗಳೂ ಪೆಟ್ರೋಲನ್ನೇ ಕುಡಿಯುತ್ತವೆ.

ಕೆಲವು ವರ್ಷಗಳಿಂದ ಊರೂರಿನಲ್ಲಿ ಒಂದೇ ಮಾತು ಕೇಳಿಬರುತ್ತಿದೆ: “ಮೊದಲಿನಷ್ಟು ಮೈಲೇಜ್ ಬರುತ್ತಿಲ್ಲ.” ಇದಕ್ಕೆಲ್ಲ ಎಥನಾಲೇ ಕಾರಣವೆಂದು ಕೆಲವರು ಹೇಳುತ್ತಾರೆ. ಅದೆಲ್ಲ ಬರೀ ಪುಕಾರು ಎಂದು ತಳ್ಳಿಹಾಕುವವರೂ ಇದ್ದಾರೆ. ಎರಡೂ ಮಾತುಗಳಲ್ಲಿ ಅರ್ಧರ್ಧ ಸತ್ಯವಿದೆ. ಪೂರ್ಣ ಸತ್ಯಕ್ಕೆ ಅಂಕಿಗಳನ್ನು ಎದುರಿಗಿಟ್ಟುಕೊಂಡು ಲೆಕ್ಕ ಹಾಕಬೇಕು. ಆ ಲೆಕ್ಕ ಬಂಕಿನಲ್ಲಿ ಆರಂಭವಾಗಿ ಹೊಲಕ್ಕೆ ಹೋಗಿ ನಿಲ್ಲುತ್ತದೆ.

ಲೀಟರಿಗೂ ಲೀಟರಿಗೂ ವ್ಯತ್ಯಾಸ

ಪೆಟ್ರೋಲನ್ನು ಲೀಟರಿನಲ್ಲಿ ಅಳೆದು ಮಾರುತ್ತಾರೆ. ಆದರೆ ಎಂಜಿನ್ನಿಗೆ ಬೇಕಾದುದು ಅದರೊಳಗಿನ ಶಾಖಶಕ್ತಿ. ಒಂದು ಲೀಟರ್ ಶುದ್ಧ ಪೆಟ್ರೋಲ್ ಉರಿದಾಗ ಸುಮಾರು 32 ಮೆಗಾಜೂಲ್ ಶಕ್ತಿ ಹೊರಬರುತ್ತದೆ. ಒಂದು ಲೀಟರ್ ಎಥನಾಲಿನಿಂದ ಹೊರಬರುವುದು ಸುಮಾರು 21 ಮೆಗಾಜೂಲ್, ಎಂದರೆ ಮೂರರಲ್ಲಿ ಎರಡು ಪಾಲು. ಎಥನಾಲಿನ ಅಣುವಿನಲ್ಲಿ ಆಮ್ಲಜನಕ ಆಗಲೇ ಸೇರಿಕೊಂಡಿರುವುದೇ ಇದಕ್ಕೆ ಕಾರಣ. ಅರ್ಧ ಸುಟ್ಟ ಸೌದೆಯಂತೆ, ಅದು ಉರಿಯುವುದಕ್ಕೆ ಮೊದಲೇ ಸ್ವಲ್ಪ ಉರಿದಿರುತ್ತದೆ ಎಂದು ತಿಳಿಯಬಹುದು.

ಈಗ ಬೆರಕೆಯ ಲೆಕ್ಕ. ಶೇಕಡಾ 10 ಎಥನಾಲ್ ಬೆರೆತ ಲೀಟರಿನಲ್ಲಿ ಸುಮಾರು 30.9 ಮೆಗಾಜೂಲ್ ಇರುತ್ತದೆ. ಶುದ್ಧ ಪೆಟ್ರೋಲಿಗಿಂತ ಶೇ. 3.4ರಷ್ಟು ಕಡಿಮೆ. ಶೇಕಡಾ 20 ಬೆರೆತ ಲೀಟರಿನಲ್ಲಿ 29.8 ಮೆಗಾಜೂಲ್, ಸುಮಾರು ಶೇ. 7ರಷ್ಟು ಕಡಿಮೆ. ಎಂಜಿನ್ ತನ್ನ ಕೆಲಸವನ್ನು ಮೊದಲಿನ ದಕ್ಷತೆಯಲ್ಲೇ ಮಾಡಿದರೆ, ಲೀಟರಿಗೆ 40 ಕಿಲೋಮೀಟರ್ ಕೊಡುತ್ತಿದ್ದ ಬೈಕು 37ರ ಆಸುಪಾಸಿಗೆ ಇಳಿಯಬೇಕು. ಇದು ಭೌತಶಾಸ್ತ್ರದ ನಿಯಮ. ಇದರಲ್ಲಿ ಯಾರ ಪಿತೂರಿಯೂ ಇಲ್ಲ. ಅದೇ ರೀತಿ, ಎಥನಾಲಿನಿಂದ ಮೈಲೇಜ್ ಅರ್ಧಕ್ಕೆ ಇಳಿಯಿತು ಎಂಬ ಮಾತಿಗೂ ಇಲ್ಲಿ ಆಧಾರವಿಲ್ಲ. ಅಷ್ಟು ಇಳಿದಿದ್ದರೆ ಕಾರಣವನ್ನು ವಾಹನದಲ್ಲಿಯೋ ಕಲಬೆರಕೆಯಲ್ಲಿಯೋ ಹುಡುಕಬೇಕು.

ಯಾವುದರೊಡನೆ ಹೋಲಿಸುತ್ತಿದ್ದೇವೆ ಎಂಬುದನ್ನೂ ಮರೆಯಬಾರದು. ಶೇ. 10ರ ಬೆರಕೆಯಿಂದ ಶೇ. 20ಕ್ಕೆ ಬಂದಾಗ ಆಗುವ ಇಳಿಕೆ ಶೇ. 3.6 ಮಾತ್ರ. ಉಳಿದರ್ಧ ಅದಕ್ಕೂ ಹಿಂದೆಯೇ, ಯಾರ ಗಮನಕ್ಕೂ ಬಾರದೆ, ಆಗಿಹೋಗಿತ್ತು.

ಇಪ್ಪತ್ತರ ಹಾದಿ

ಭಾರತದಲ್ಲಿ ಎಥನಾಲ್ ಬೆರಕೆಯ ಪ್ರಯೋಗ 2001ರಲ್ಲಿ ಆರಂಭವಾಯಿತು. 2003ರಲ್ಲಿ 9 ರಾಜ್ಯಗಳಲ್ಲಿ ಶೇ. 5ರ ಬೆರಕೆಯ ಕಾರ್ಯಕ್ರಮ ಜಾರಿಗೆ ಬಂದಿತು. ಅವುಗಳಲ್ಲಿ ಕರ್ನಾಟಕವೂ ಒಂದು. ಆದರೆ ಹತ್ತು ವರ್ಷ ಕಳೆದರೂ ಅದು ಕುಂಟುತ್ತಲೇ ಸಾಗಿತು. 2013–14ರಲ್ಲಿ ದೇಶದ ಸರಾಸರಿ ಬೆರಕೆ ಶೇ. 1.5ರ ಆಸುಪಾಸಿನಲ್ಲಿತ್ತು. 2018ರಲ್ಲಿ ರಾಷ್ಟ್ರೀಯ ಜೈವಿಕ ಇಂಧನ ನೀತಿ ಬಂದ ಮೇಲೆ ವೇಗ ಹೆಚ್ಚಿತು. 2022ರ ಜೂನ್ ವೇಳೆಗೆ ಶೇ. 10ರ ಗುರಿ ಮುಟ್ಟಲಾಯಿತು. ಶೇ. 20ರ ಗುರಿ ಮೊದಲು 2030ಕ್ಕೆ ಇತ್ತು. ಅದನ್ನು 2025–26ಕ್ಕೆ ಹಿಂದಕ್ಕೆ ತರಲಾಯಿತು. ಶೇ. 20 ಬೆರೆತ ಪೆಟ್ರೋಲಿನ ಮಾರಾಟಕ್ಕೆ 2023ರ ಫೆಬ್ರವರಿ 6ರಂದು ಚಾಲನೆ ದೊರೆತದ್ದು ಬೆಂಗಳೂರಿನಲ್ಲಿಯೇ. 2025ರಲ್ಲಿ ದೇಶ ಆ ಗುರಿಯನ್ನೂ ತಲುಪಿತು.

ಈ ಹಾದಿಯ ಎಲ್ಲ ಸಾಧಕ ಬಾಧಕಗಳನ್ನು ಸರಕಾರದ್ದೇ ಒಂದು ದಾಖಲೆ ಮುಂಚಿತವಾಗಿ ಹೇಳಿತ್ತು. ನೀತಿ ಆಯೋಗವು 2021ರ ಜೂನ್‌ನಲ್ಲಿ ಪ್ರಕಟಿಸಿದ ಎಥನಾಲ್ ಮಾರ್ಗಸೂಚಿಯ ಪ್ರಕಾರ, ಶುದ್ಧ ಪೆಟ್ರೋಲಿಗೆಂದು ವಿನ್ಯಾಸಗೊಂಡು ಶೇ. 10ರ ಬೆರಕೆಗೆ ಹೊಂದಿಸಿದ ನಾಲ್ಕು ಚಕ್ರದ ವಾಹನಗಳಲ್ಲಿ ಶೇ. 20ರ ಬೆರಕೆ ಬಳಸಿದರೆ ಇಂಧನ ಕ್ಷಮತೆ ಶೇ. 6ರಿಂದ 7ರಷ್ಟು ಕುಸಿಯುತ್ತದೆ. ಅಂಥದೇ ದ್ವಿಚಕ್ರ ವಾಹನಗಳಲ್ಲಿ ಕುಸಿತ ಶೇ. 3ರಿಂದ 4. ಶೇ. 10ಕ್ಕೆ ವಿನ್ಯಾಸಗೊಂಡು ಶೇ. 20ಕ್ಕೆ ಹೊಂದಿಸಿದ ಕಾರುಗಳಲ್ಲಿ ಶೇ. 1ರಿಂದ 2 ಮಾತ್ರ. ಬೆರಕೆಯ ಇಂಧನದಲ್ಲಿ ಶಕ್ತಿ ಕಡಿಮೆ ಇರುವುದರಿಂದ ಅದರ ಬೆಲೆಯೂ ಕಡಿಮೆ ಇರಬೇಕೆಂದು ಆ ವರದಿ ಶಿಫಾರಸು ಮಾಡಿತ್ತು. ಆ ಶಿಫಾರಸು ಕಾಗದದಲ್ಲೇ ಉಳಿಯಿತು. 2025ರ ಆಗಸ್ಟ್‌ನಲ್ಲಿ ಪೆಟ್ರೋಲಿಯಂ ಸಚಿವಾಲಯ ಕೊಟ್ಟ ಉತ್ತರ ಇದು: ಎಥನಾಲಿನ ಸರಾಸರಿ ಖರೀದಿ ವೆಚ್ಚ ಲೀಟರಿಗೆ 71.32 ರೂಪಾಯಿಗೆ ಏರಿದೆ, ಶುದ್ಧೀಕರಿಸಿದ ಪೆಟ್ರೋಲಿಗಿಂತ ಅದೇ ದುಬಾರಿಯಾಗಿದೆ. ಹಾಗಿದ್ದರೆ ಕಡಿಮೆ ಶಕ್ತಿಯ ಲೀಟರಿಗೆ ಪೂರ್ಣ ಬೆಲೆ ತೆರುವವರು ಯಾರು? ದಾರಿ ದೂರವಾದಷ್ಟೂ ಆ ಭಾರ ಹೆಚ್ಚು. ಬಸ್ಸು, ಮೆಟ್ರೋಗಳಿರುವ ನಗರದವನಿಗಿಂತ ಗುಡ್ಡದ ಮೇಲಿನವನು ಅದನ್ನು ಹೆಚ್ಚು ಹೊರುತ್ತಾನೆ.

ಎಂಜಿನ್ನಿನ ವಯಸ್ಸು

ಒಂದೇ ಇಂಧನ ಎರಡು ವಾಹನಗಳಲ್ಲಿ ಎರಡು ರೀತಿ ವರ್ತಿಸುವುದೇಕೆ? ಒಂದು ಕಿಲೋ ಪೆಟ್ರೋಲ್ ಪೂರ್ಣವಾಗಿ ಉರಿಯಲು 14.7 ಕಿಲೋ ಗಾಳಿ ಬೇಕು. ಒಂದು ಕಿಲೋ ಎಥನಾಲಿಗೆ ಸುಮಾರು 9 ಕಿಲೋ ಸಾಕು. ಹಳೆಯ ಬೈಕಿನ ಕಾರ್ಬುರೇಟರಿಗೆ ಈ ವ್ಯತ್ಯಾಸ ತಿಳಿಯದು. ಅದು ಮೊದಲು ಹೊಂದಿಸಿದ ಪ್ರಮಾಣದಲ್ಲೇ ಇಂಧನವನ್ನು ಬಿಡುತ್ತದೆ. ಆಗ ಗಾಳಿ ಹೆಚ್ಚಾಗಿ, ಇಂಧನ ತೆಳುವಾಗಿ, ಎಂಜಿನ್ ಬಿಸಿಯಾಗುವ, ಏರಿನಲ್ಲಿ ಎಳೆತ ಕುಂದುವ ಸಂಭವವಿದೆ. 2020ರ ಏಪ್ರಿಲ್‌ನಲ್ಲಿ ಬಿಎಸ್-6 ಮಾನದಂಡ ಬಂದ ಮೇಲೆ ತಯಾರಾದ ಬೈಕುಗಳಲ್ಲಿ ಸಾಮಾನ್ಯವಾಗಿ ಇಂಧನ ಚಿಮ್ಮಿಸುವ ವ್ಯವಸ್ಥೆಯೂ, ಹೊಗೆಯಲ್ಲಿನ ಆಮ್ಲಜನಕವನ್ನು ಅಳೆಯುವ ಸೆನ್ಸರೂ ಇರುತ್ತವೆ. ಅವು ತಾವಾಗಿಯೇ ಇಂಧನದ ಪ್ರಮಾಣವನ್ನು ಸರಿಪಡಿಸಿಕೊಳ್ಳುತ್ತವೆ.

ಎಥನಾಲಿಗೆ ಒಂದು ನಿಜವಾದ ಗುಣವೂ ಇದೆ. ಇಂಧನವು ಕಿಡಿ ತಗಲುವ ಮೊದಲೇ ಒತ್ತಡಕ್ಕೆ ಸಿಡಿಯದಂತೆ ತಡೆಯುವ ಶಕ್ತಿಗೆ ಆಕ್ಟೇನ್ ಎಂದು ಹೆಸರು. ಬಿಎಸ್-6 ಸಾಮಾನ್ಯ ಪೆಟ್ರೋಲಿಗೆ ನಿಗದಿಯಾದ ಕನಿಷ್ಠ ಆಕ್ಟೇನ್ 91, ಎಥನಾಲಿನದು 108ರ ಆಸುಪಾಸು, ಶೇ. 20ರ ಬೆರಕೆಯದು ಸುಮಾರು 95. ಹೆಚ್ಚಿನ ಆಕ್ಟೇನ್ ಇದ್ದರೆ ಹೆಚ್ಚು ಒತ್ತುವ ಎಂಜಿನ್ ಕಟ್ಟಬಹುದು, ಅಂಥ ಎಂಜಿನ್ ಕಡಿಮೆ ಶಕ್ತಿಯಿಂದ ಹೆಚ್ಚು ಕೆಲಸ ತೆಗೆಯುತ್ತದೆ. ಆದರೆ ಈ ಲಾಭ ಹೊಸದಾಗಿ ಕಟ್ಟಿದ ಎಂಜಿನ್ನಿಗೆ ಮಾತ್ರ. ಹದಿನೈದು ವರ್ಷದ ಬೈಕಿಗೆ ಹೆಚ್ಚಿನ ಆಕ್ಟೇನ್ ಹಾಕಿದರೆ ಅದರ ಒತ್ತಡ ಬದಲಾಗದು. ಬಂಕಿನಲ್ಲಿ ಹೆಚ್ಚು ಬೆಲೆಗೆ ಸಿಗುವ ‘ಪವರ್’ ಪೆಟ್ರೋಲ್ ಕೂಡ ಇದೇ ಕಾರಣಕ್ಕೆ ಸಾಮಾನ್ಯ ಬೈಕಿನ ಮೈಲೇಜನ್ನು ಏರಿಸುವುದಿಲ್ಲ.

ಕಲಬೆರಕೆ ಮತ್ತು ಗಂಧಕ

ಇಂಧನದ ಗುಣಮಟ್ಟವೆಂದರೆ ಎಥನಾಲ್ ಒಂದೇ ಅಲ್ಲ. ರೇಷನ್ ಸೀಮೆಎಣ್ಣೆ ಅಗ್ಗವಾಗಿದ್ದ ಕಾಲದಲ್ಲಿ ಅದನ್ನು ಪೆಟ್ರೋಲಿಗೆ ಬೆರೆಸುವ ದಂಧೆ ದೇಶದಲ್ಲೆಲ್ಲ ಇತ್ತು. ಸೀಮೆಎಣ್ಣೆಯ ಆಕ್ಟೇನ್ ಬಹಳ ಕಡಿಮೆ. ಅದು ಬೆರೆತರೆ ಏರಿನಲ್ಲಿ ಎಂಜಿನ್ ಕಟಕಟ ಸದ್ದು ಮಾಡುತ್ತದೆ, ಮಸಿ ಕಟ್ಟುತ್ತದೆ, ಮೈಲೇಜ್ ಇಳಿಯುತ್ತದೆ. ಇಂಥ ಸಂಶಯ ಬಂದಾಗ ಬಂಕಿನಲ್ಲಿ ಶೋಧಕ ಕಾಗದದ ಪರೀಕ್ಷೆಯನ್ನು ಕೇಳುವ ಹಕ್ಕು ಗ್ರಾಹಕರಿಗಿದೆ. ಕಾಗದದ ಮೇಲೆ ಬಿಟ್ಟ ಪೆಟ್ರೋಲಿನ ಹನಿ ಒಂದೆರಡು ನಿಮಿಷಗಳಲ್ಲಿ ಕಲೆಯಿಲ್ಲದೆ ಆರಬೇಕು. ಸಾಂದ್ರತೆಯ ದಾಖಲೆಯನ್ನೂ, 5 ಲೀಟರಿನ ಮುದ್ರೆಯೊತ್ತಿದ ಅಳತೆಯ ಪಾತ್ರೆಯನ್ನೂ ತೋರಿಸೆಂದು ಕೇಳಬಹುದು.

ಗಂಧಕದ ವಿಷಯದಲ್ಲಿ ದೇಶ ಒಳ್ಳೆಯ ಹೆಜ್ಜೆ ಇಟ್ಟಿದೆ. ಬಿಎಸ್-3 ಪೆಟ್ರೋಲಿನಲ್ಲಿ ಹತ್ತು ಲಕ್ಷ ಪಾಲಿಗೆ 150 ಪಾಲು ಗಂಧಕಕ್ಕೆ ಅವಕಾಶವಿತ್ತು. ಬಿಎಸ್-4ರಲ್ಲಿ ಅದು 50ಕ್ಕೆ, ಬಿಎಸ್-6ರಲ್ಲಿ 10ಕ್ಕೆ ಇಳಿಯಿತು. ಇದರಿಂದ ಮೈಲೇಜ್ ನೇರವಾಗಿ ಏರುವುದಿಲ್ಲ. ಆದರೆ ಹೊಗೆಯನ್ನು ಶುದ್ಧಗೊಳಿಸುವ ಸಾಧನ ಬಹುಕಾಲ ಬಾಳುತ್ತದೆ.

ಮಳೆಗಾಲದ ಪ್ರಶ್ನೆ

ಮಲೆನಾಡಿನ ಪಾಲಿಗೆ ಮೈಲೇಜಿಗಿಂತ ದೊಡ್ಡ ಪ್ರಶ್ನೆ ನೀರಿನದು. ಪೆಟ್ರೋಲಿಗೂ ನೀರಿಗೂ ಕೂಡಿಬಾರದು. ನೀರು ಬಿದ್ದರೆ ತಳದಲ್ಲಿ ಬೇರೆಯಾಗಿ ನಿಲ್ಲುತ್ತದೆ. ಎಥನಾಲ್ ಹಾಗಲ್ಲ, ಅದು ನೀರನ್ನು ತನ್ನೊಳಗೆ ಸೇರಿಸಿಕೊಳ್ಳುತ್ತದೆ. ಶೇ. 10ರ ಬೆರಕೆ ಲೀಟರಿಗೆ ಸುಮಾರು 5 ಮಿಲಿಲೀಟರ್, ಎಂದರೆ ಒಂದು ಸಣ್ಣ ಚಮಚೆ ನೀರನ್ನು ತಡೆದುಕೊಳ್ಳಬಲ್ಲದು. ಶೇ. 20ರಲ್ಲಿ ಈ ಮಿತಿ ಇನ್ನೂ ಹೆಚ್ಚು. ಆದರೆ ಮಿತಿ ಮೀರಿದ ಕ್ಷಣ ಎಥನಾಲ್ ಪೆಟ್ರೋಲನ್ನು ಬಿಟ್ಟು ನೀರಿನ ಜೊತೆ ತಳಕ್ಕೆ ಇಳಿಯುತ್ತದೆ. ಆಗ ತಳದ ಪದರ ಎಂಜಿನ್ನಿನಲ್ಲಿ ಉರಿಯದು. ಮೇಲುಳಿದ ಪೆಟ್ರೋಲಿನ ಆಕ್ಟೇನ್ ಕುಸಿದಿರುತ್ತದೆ. ಚಳಿ ಹೆಚ್ಚಾದಷ್ಟೂ ಈ ಮಿತಿ ಕಡಿಮೆಯಾಗುತ್ತದೆ.

ಗಾಳಿಯ ತೇವದಿಂದಲೇ ಇಷ್ಟು ನೀರು ಸೇರುವುದು ನಿಧಾನದ ಕ್ರಿಯೆ. ಸಡಿಲವಾದ ಮುಚ್ಚಳ, ಸೋರುವ ಕೊಟ್ಟಿಗೆ, ಮಳೆಯಲ್ಲಿ ನಿಂತ ಬೈಕು, ಬಾಯಿ ಸರಿಯಾಗಿ ಮುಚ್ಚದ ಕ್ಯಾನು: ನೀರು ಬರುವುದು ಹೆಚ್ಚಾಗಿ ಈ ದಾರಿಗಳಿಂದ. ಆಷಾಢದಲ್ಲಿ ಮೂಲೆಗಿಟ್ಟ ಕಳೆ ಯಂತ್ರ ಭಾದ್ರಪದದಲ್ಲಿ ಹೊತ್ತಿಕೊಳ್ಳದಿದ್ದರೆ ಮೊದಲು ನೋಡಬೇಕಾದುದು ಅದರ ಟ್ಯಾಂಕಿನ ತಳವನ್ನು. ಇಂಥ ಸಣ್ಣ ಯಂತ್ರಗಳಲ್ಲಿ ರಬ್ಬರಿನ ತೆಳು ಪೊರೆಗಳೂ ಕೊಳವೆಗಳೂ ಇರುತ್ತವೆ. ಎಥನಾಲಿಗೆಂದು ತಯಾರಾಗದ ಹಳೆಯ ರಬ್ಬರ್ ಊದಿಕೊಳ್ಳುವ ಅಥವಾ ಬಿರಿಯುವ ಸಾಧ್ಯತೆ ಇದೆ. ಯಂತ್ರದ ಕೈಪಿಡಿಯಲ್ಲಿ ಎಷ್ಟು ಬೆರಕೆಯವರೆಗೆ ಸರಿ ಎಂದು ಬರೆದಿರುತ್ತದೆ. ಅದನ್ನು ಒಮ್ಮೆ ಓದುವುದು ರಿಪೇರಿಯವನ ಬಳಿ ನಾಲ್ಕು ಬಾರಿ ಹೋಗುವುದಕ್ಕಿಂತ ಲೇಸು.

ಬ್ರೆಜಿಲ್ ಕಲಿತ ಪಾಠ

ಎಥನಾಲ್ ಎಂದೊಡನೆ ಬ್ರೆಜಿಲ್ ದೇಶದ ಉದಾಹರಣೆ ಕೊಡಲಾಗುತ್ತದೆ. ಅಲ್ಲಿ 1975ರಲ್ಲಿಯೇ ಇದಕ್ಕೊಂದು ರಾಷ್ಟ್ರೀಯ ಕಾರ್ಯಕ್ರಮ ಆರಂಭವಾಯಿತು. 2025ರ ಆಗಸ್ಟ್‌ನಲ್ಲಿ ಅಲ್ಲಿನ ಬೆರಕೆ ಶೇ. 30ಕ್ಕೆ ಏರಿತು. ಆದರೆ ಅಲ್ಲಿ 2003ರಿಂದ ಯಾವ ಪ್ರಮಾಣದ ಬೆರಕೆಗೂ ಹೊಂದಿಕೊಳ್ಳುವ ಕಾರುಗಳು ಬಂದವು, ಬಂಕಿನಲ್ಲಿ ಬೆರಕೆಯ ಪೆಟ್ರೋಲೂ ಎಥನಾಲೂ ಬೇರೆ ಬೇರೆಯಾಗಿ ಸಿಗುತ್ತವೆ. ಎಥನಾಲಿನ ಬೆಲೆ ಪೆಟ್ರೋಲಿನ ಬೆಲೆಯ ಶೇ. 70ಕ್ಕಿಂತ ಕಡಿಮೆ ಇದ್ದರೆ ಮಾತ್ರ ಎಥನಾಲ್ ತುಂಬಿಸಬೇಕೆಂಬ ಲೆಕ್ಕ ಅಲ್ಲಿನ ಸಾಮಾನ್ಯ ಚಾಲಕನಿಗೂ ಗೊತ್ತು. ಲೀಟರಿನೊಳಗಿನ ಶಕ್ತಿಯನ್ನು ನೋಡಿ ಬೆಲೆ ಕಟ್ಟುವ ಬುದ್ಧಿ ಅದು. ಅಲ್ಲಿನ ಶೇಕಡಾವಾರನ್ನು ತಂದು, ಆಯ್ಕೆಯನ್ನೂ ಬೆಲೆಯ ಅಂತರವನ್ನೂ ಅಲ್ಲಿಯೇ ಬಿಟ್ಟುಬರುವುದು ಪೂರ್ಣ ಪಾಠವಾಗದು.

ಉಳಿತಾಯ ಎಷ್ಟು?

ಶೇ. 20 ಬೆರೆಸಿದರೆ ಶೇ. 20 ಪೆಟ್ರೋಲ್ ಉಳಿಯಿತು ಎಂದು ಹೇಳುವುದುಂಟು. ವಿದ್ಯಾರ್ಥಿಗಳು ಈ ಲೆಕ್ಕವನ್ನು ತಾವೇ ಮಾಡಿ ನೋಡಬೇಕು. ಲೀಟರಿಗೆ 40 ಕಿಲೋಮೀಟರ್ ಓಡುವ ಬೈಕಿಗೆ 100 ಕಿಲೋಮೀಟರಿಗೆ 2.5 ಲೀಟರ್ ಶುದ್ಧ ಪೆಟ್ರೋಲ್ ಬೇಕು. ಶಕ್ತಿಯ ಲೆಕ್ಕದಂತೆ ಮೈಲೇಜ್ ಇಳಿದರೆ ಅದೇ ದೂರಕ್ಕೆ ಬೆರಕೆಯ ಇಂಧನ 2.69 ಲೀಟರ್ ಬೇಕಾಗುತ್ತದೆ. ಅದರಲ್ಲಿ ಎಥನಾಲ್ 0.54 ಲೀಟರ್, ಪೆಟ್ರೋಲ್ 2.15 ಲೀಟರ್. ಉಳಿದದ್ದು 0.35 ಲೀಟರ್, ಎಂದರೆ ಶೇ. 14. ಮೈಲೇಜಿನ ಇಳಿಕೆ ಶೇ. 2ಕ್ಕೆ ನಿಂತರೆ ಉಳಿತಾಯ ಶೇ. 18ಕ್ಕೆ ಏರುತ್ತದೆ. ಆದ್ದರಿಂದ ಎಂಜಿನ್ ಸಿದ್ಧವಾಗುವ ಮೊದಲೇ ಇಂಧನವನ್ನು ಬದಲಿಸಿದರೆ ಕಾರ್ಯಕ್ರಮದ ಉದ್ದೇಶಕ್ಕೇ ನಷ್ಟ.

ಈಗ ಆ 0.54 ಲೀಟರ್ ಎಥನಾಲ್ ಎಲ್ಲಿಂದ ಬಂತು ಎಂದು ನೋಡೋಣ. ನೀತಿ ಆಯೋಗದ ವರದಿಯ ಪ್ರಕಾರ ಸಕ್ಕರೆಯಿಂದ ಒಂದು ಲೀಟರ್ ಎಥನಾಲ್ ಪಡೆಯಲು ಕಬ್ಬಿನ ಬೇಸಾಯಕ್ಕೆ ಸುಮಾರು 2,860 ಲೀಟರ್ ನೀರು ಬೇಕು. ಹಾಗಾದರೆ 100 ಕಿಲೋಮೀಟರ್ ಪ್ರಯಾಣದ ಹಿಂದೆ 1,500 ಲೀಟರಿಗೂ ಹೆಚ್ಚು ನೀರಿದೆ. ತುಂಗೆ, ಭದ್ರೆ, ಹೇಮಾವತಿಯರು ಹುಟ್ಟುವ ನಾಡಿನವರಿಗೆ ಈ ಅಂಕಿಯ ಅರ್ಥವನ್ನು ಬಿಡಿಸಿ ಹೇಳಬೇಕಿಲ್ಲ. ಬಯಲಿನಲ್ಲಿ ಕಬ್ಬಿನ ದಾಹ ಹೆಚ್ಚಿದಾಗಲೆಲ್ಲ ಘಟ್ಟದ ಹೊಳೆಗಳ ಮೇಲೆ ಕಣ್ಣು ಬೀಳುತ್ತದೆ.

2023ರ ಡಿಸೆಂಬರ್‌ನಲ್ಲಿ ಕಬ್ಬಿನ ರಸದ ಬಳಕೆಗೆ ನಿರ್ಬಂಧ ಬಂದ ಮೇಲೆ ಮೆಕ್ಕೆಜೋಳ ಮುಂದೆ ಬಂದಿತು. ಒಂದು ಟನ್ ಮೆಕ್ಕೆಜೋಳದಿಂದ ಸುಮಾರು 380 ಲೀಟರ್ ಎಥನಾಲ್ ಸಿಗುತ್ತದೆ. ಎಕರೆಗೆ 15 ಕ್ವಿಂಟಲ್ ಬೆಳೆದರೆ 570 ಲೀಟರ್. ವರ್ಷಕ್ಕೆ 6,000 ಕಿಲೋಮೀಟರ್ ಓಡುವ ಬೈಕಿಗೆ ಅದರ ಪಾಲಿನ ಎಥನಾಲ್ ಸುಮಾರು 32 ಲೀಟರ್. ಎಂದರೆ ಒಂದು ಎಕರೆ ಹೊಲ 17 ಬೈಕುಗಳ ಐದನೆಯ ಒಂದು ಪಾಲು ಇಂಧನವನ್ನು ಕೊಡುತ್ತದೆ. ಕಾಳಿನ ಮೂರನೆಯ ಒಂದು ಪಾಲಿನಷ್ಟು ಹಿಂಡಿಯಾಗಿ ದನ, ಕೋಳಿಗಳಿಗೆ ಮರಳುತ್ತದೆ ಎಂಬುದನ್ನೂ ಈ ಲೆಕ್ಕಕ್ಕೆ ಸೇರಿಸಬೇಕು. ಅದೇ ಉಸಿರಿನಲ್ಲಿ, ಇಳಿಜಾರಿನ ಹೊಲದಲ್ಲಿ ವರ್ಷ ವರ್ಷವೂ ಮೆಕ್ಕೆಜೋಳ ಒಂದನ್ನೇ ಬೆಳೆದರೆ ಮಳೆಗೆ ಕೊಚ್ಚಿಹೋಗುವ ಮಣ್ಣನ್ನೂ ಸೇರಿಸಬೇಕು. ಆ ಮಣ್ಣಿನ ಬೆಲೆ ಯಾವ ಬಂಕಿನ ರಸೀದಿಯಲ್ಲೂ ಕಾಣುವುದಿಲ್ಲ.

ಕೃಷಿ ತ್ಯಾಜ್ಯದಿಂದ ಎಥನಾಲ್ ತೆಗೆಯುವ ದಾರಿಯೂ ಇದೆ. ಭತ್ತದ ಹುಲ್ಲಿನಿಂದ ಎಥನಾಲ್ ತಯಾರಿಸುವ ಘಟಕ 2022ರ ಆಗಸ್ಟ್‌ನಲ್ಲಿ ಹರಿಯಾಣದ ಪಾಣಿಪತ್ತಿನಲ್ಲಿ ಉದ್ಘಾಟನೆಯಾಯಿತು. ಹುಲ್ಲನ್ನು ಗದ್ದೆಯಲ್ಲೇ ಸುಡುವ ಆ ಸೀಮೆಗೆ ಇದು ಹೊಂದುತ್ತದೆ. ಮಲೆನಾಡಿನಲ್ಲಿ ಹುಲ್ಲು ಕೊಟ್ಟಿಗೆಗೆ ಬೇಕು, ದರಗು ತೋಟಕ್ಕೆ ಬೇಕು. ಇಲ್ಲಿ ‘ತ್ಯಾಜ್ಯ’ ಎಂಬುದೇ ಕಡಿಮೆ.

ನ್ಯಾಯವಾಗಿ ಹೇಳಬೇಕಾದ ಮಾತು ಇನ್ನೊಂದಿದೆ. ಶೇ. 20ರ ಬೆರಕೆಯಿಂದ ಇಂಗಾಲದ ಮಾನಾಕ್ಸೈಡ್ ದ್ವಿಚಕ್ರ ವಾಹನಗಳಲ್ಲಿ ಅರ್ಧದಷ್ಟು, ಕಾರುಗಳಲ್ಲಿ ಶೇ. 30ರಷ್ಟು ತಗ್ಗುತ್ತದೆಂದು ಅದೇ ವರದಿ ಹೇಳುತ್ತದೆ. ಜೊತೆಗೆ ಆಲ್ಡಿಹೈಡ್‌ಗಳು ಸ್ವಲ್ಪ ಹೆಚ್ಚುತ್ತವೆ ಎಂದೂ ಹೇಳುತ್ತದೆ. ಎಥನಾಲ್ ಅಮೃತವೂ ಅಲ್ಲ, ವಿಷವೂ ಅಲ್ಲ. ಅದೊಂದು ಬೆಳೆ, ಬೆಳೆಗೆ ನೆಲ, ನೀರು, ಗೊಬ್ಬರಗಳ ಖರ್ಚಿದೆ.

ಊರಿನ ಲೆಕ್ಕದ ಪುಸ್ತಕ

ಮೈಲೇಜಿನ ಮಾತು ಊಹೆಯಲ್ಲಿ ನಿಲ್ಲಬಾರದು. ಟ್ಯಾಂಕ್ ಪೂರ್ತಿ ತುಂಬಿಸಿ ಮೀಟರಿನ ಅಂಕಿಯನ್ನು ಬರೆದಿಟ್ಟು, ಮುಂದಿನ ಬಾರಿ ಅದೇ ಬಂಕಿನಲ್ಲಿ ಅದೇ ಮಟ್ಟಕ್ಕೆ ತುಂಬಿಸಿ, ಓಡಿದ ದೂರವನ್ನು ಹಾಕಿದ ಲೀಟರಿನಿಂದ ಭಾಗಿಸಬೇಕು. 5 ಲೀಟರ್ ತುಂಬುವಾಗ 200 ಮಿಲಿಲೀಟರ್ ಹೆಚ್ಚುಕಡಿಮೆಯಾದರೆ ಶೇ. 4ರ ತಪ್ಪು ಬರುತ್ತದೆ. ಎಥನಾಲಿನ ಪರಿಣಾಮವೂ ಹೆಚ್ಚುಕಡಿಮೆ ಅಷ್ಟೇ. ಆದ್ದರಿಂದ ಒಂದು ಬಾರಿಯ ಅಳತೆಯನ್ನು ನಂಬಬಾರದು. ಐದಾರು ಬಾರಿಯ ಸರಾಸರಿ ಬೇಕು. ಮಳೆಗಾಲದ ಕೆಸರು ರಸ್ತೆ, ಟೈರಿನ ಗಾಳಿ, ಚೈನಿನ ಬಿಗಿತ, ಹಿಂದೆ ಕಟ್ಟಿದ ಮೂಟೆ ಇವನ್ನೂ ಬರೆದಿಡಬೇಕು. ಒಂದು ಊರಿನ ವಿದ್ಯಾರ್ಥಿಗಳು ಇಪ್ಪತ್ತು ಬೈಕುಗಳ ಲೆಕ್ಕವನ್ನು ಒಂದು ವರ್ಷ ಬರೆದರೆ, ಆ ಊರಿನ ಕೈಯಲ್ಲಿ ಯಾರೂ ತಳ್ಳಿಹಾಕಲಾಗದ ದಾಖಲೆ ಇರುತ್ತದೆ.

ಟೈರಿನ ಗಾಳಿಯನ್ನು ಸರಿಯಾಗಿಟ್ಟರೆ, ಗಾಳಿಯ ಶೋಧಕವನ್ನು ಶುಚಿಮಾಡಿದರೆ ಕಳೆದುಹೋದ ಮೈಲೇಜಿನ ಸ್ವಲ್ಪ ಭಾಗ ಮರಳುತ್ತದೆ. ಘಾಟಿಯ ಇಳಿಜಾರಿನಲ್ಲಿ ಪೆಟ್ರೋಲ್ ಉಳಿಸಲೆಂದು ಗೇರ್ ತೆಗೆದು ಬಿಡುವ ಅಭ್ಯಾಸ ಪ್ರಾಣಾಪಾಯದ್ದು. ಇಂಧನ ಚಿಮ್ಮಿಸುವ ವಾಹನಗಳಲ್ಲಿ ಅದರಿಂದ ಉಳಿತಾಯವೂ ಇಲ್ಲ; ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟಾಗ ಅವು ಸಾಮಾನ್ಯವಾಗಿ ಇಂಧನವನ್ನು ತಾವೇ ನಿಲ್ಲಿಸುತ್ತವೆ.

ಇನ್ನು ಕೇಳಬೇಕಾದವು ಮೂರು. ಬೆರಕೆಯ ಪ್ರಮಾಣವನ್ನು ಪ್ರತಿ ಬಂಕಿನಲ್ಲಿ ಕನ್ನಡದಲ್ಲಿ ಬರೆದು ತೋರಿಸಬೇಕು. ಹಳೆಯ ವಾಹನ ಮತ್ತು ಸಣ್ಣ ಯಂತ್ರಗಳಿಗೆ ಕಡಿಮೆ ಬೆರಕೆಯ ಪೆಟ್ರೋಲ್ ಸಿಗುವ ವ್ಯವಸ್ಥೆ ಇರಬೇಕು. ಶಕ್ತಿ ಕಡಿಮೆಯಾದಷ್ಟು ಬೆಲೆ ಇಳಿಯಬೇಕೆಂಬ 2021ರ ಶಿಫಾರಸು ಜಾರಿಗೆ ಬರಬೇಕು. ಇವುಗಳ ಜೊತೆಗೆ ಎಲ್ಲಕ್ಕಿಂತ ಹೆಚ್ಚು ಪೆಟ್ರೋಲ್ ಉಳಿಸುವ ಉಪಾಯವನ್ನೂ ಮರೆಯದೆ ಕೇಳಬೇಕು: ಹೊತ್ತಿಗೆ ಸರಿಯಾಗಿ ಬರುವ ಹಳ್ಳಿಯ ಬಸ್ಸು. ನಲವತ್ತು ಜನ ಒಂದು ಬಸ್ಸಿನಲ್ಲಿ ಹೋದರೆ ಉಳಿಯುವ ಇಂಧನಕ್ಕೆ ಕಬ್ಬಿನ ಹೊಲವೂ ಬೇಡ, ಮೆಕ್ಕೆಜೋಳದ ಹೊಲವೂ ಬೇಡ.